ಅರ್ಥವಿಲ್ಲದ ಹದಿನಾರು ಪದಗಳು

ನಿಕಿತಾಳಿಗೆ ಯಾವ ಭಾಷೆಯಲ್ಲೂ ಅರ್ಥವಿಲ್ಲದ ಹದಿನಾರು ಪದಗಳು ಬೇಕಾಗಿದ್ದವು. ಅದು ಇಷ್ಟು ಕಷ್ಟದ ಕೆಲಸವೆಂದು ಅವಳಿಗೆ ಯಾರೂ ಮೊದಲೇ ಹೇಳಿರಲಿಲ್ಲ.

ಒಂದು ಪದ ಕಟ್ಟಿ, ಕನ್ನಡದ ನಿಘಂಟು ತಿರುವಿ, ಮರಾಠಿಯದು ತಿರುವಿ, ಹಿಂದಿಯದೂ ತಿರುವಿ, ಎಲ್ಲೂ ಇಲ್ಲವೆಂದು ಖಾತ್ರಿಯಾದ ಮೇಲೆ ಅವಳು ಅದನ್ನು ಡೊಂಬಿವಲಿಯ ಅಪ್ಪನ ಹೋಟೆಲಿಗೆ ತರುತ್ತಿದ್ದಳು. ಬೆಳಗಿನ ಹತ್ತೂವರೆಗೆ ಆಫೀಸಿನವರೆಲ್ಲ ಲೋಕಲ್ ರೈಲು ಹಿಡಿದು ಹೋಗಿ, ಊಟದವರು ಇನ್ನೂ ಬಂದಿರದ ಅರ್ಧ ಗಂಟೆ ಅಲ್ಲಿ ಬಿಡುವು. ಆಗ ಕೌಂಟರಿನ ಮುಂದೆ ಅವಳ ಪರೀಕ್ಷಕ ಮಂಡಳಿ ಸೇರುತ್ತಿತ್ತು. ದೋಸೆಕಲ್ಲಿನ ಹಿಂದಿನಿಂದ ಬೆಳ್ತಂಗಡಿಯ ಮುಂಡಪ್ಪ, ಚಹಾ ಮಾಡುವ ಬಿಹಾರಿ, ಪಾತ್ರೆ ತೊಳೆಯುವ ನೇಪಾಳಿ, ಪೇಪರ್ ಹಾಕುವ ಮರಾಠಿ ಕಾಕಾ, ಎಲ್ಲರ ಮೇಲೆ ಅಪ್ಪ ವಸಂತಕುಮಾರ.

ನಿಕಿತಾ ಒಂದು ಪದ ಓದುವಳು. ನೇಪಾಳಿ ಬಾಯಿಗೆ ಕೈ ಅಡ್ಡ ಹಿಡಿದು ಅಡುಗೆಮನೆಗೆ ಓಡುವನು. ಇನ್ನೊಂದು ಓದುವಳು. ಮುಂಡಪ್ಪ ಸಟ್ಟುಗ ಕೆಳಗಿಟ್ಟು, “ಅಕ್ಕಾ, ಅದು ಬೇಡ. ಹೆಂಗಸರು ಹೇಳುವ ಮಾತಲ್ಲ ಅದು” ಎನ್ನುವನು. ಮೂರನೆಯದಕ್ಕೆ ಕಾಕಾ ಕೆಮ್ಮು ಬಂದವರಂತೆ ಮಾಡಿ ಹೊರಗೆ ನಡೆಯುವರು. ಒಂದು ವಾರದಲ್ಲಿ ನಿಕಿತಾ ತಾನು ಹುಟ್ಟಿ ಬೆಳೆದ ಊರಿನ ನಾಲ್ಕೈದು ಭಾಷೆಗಳ ಬೈಗುಳವನ್ನೆಲ್ಲ ತಿಳಿಯದೆಯೇ ರಚಿಸಿ ಮುಗಿಸಿದ್ದಳು.

“ಇದೆಂಥ ಓದು ಮಾರಾಯ್ತಿ?” ಅಪ್ಪ ಕೇಳಿದರು. “ಅರ್ಥ ಹುಡುಕುವವರನ್ನು ನೋಡಿದ್ದೇನೆ. ನೀನು ಅರ್ಥ ಇಲ್ಲದ್ದನ್ನು ಹುಡುಕಿ ಡಾಕ್ಟರ್ ಆಗುವುದಾ?”

“ಪಪ್ಪಾ, ಐಕಾ ನಾ,” ಎಂದು ಮರಾಠಿಯಲ್ಲಿ ಶುರುಮಾಡಿ, ಹಿಂದಿಯಲ್ಲಿ ಮುಂದುವರಿಸಿ, ತುಳುವಿನಲ್ಲಿ ಮುಗಿಸಿದಳು ಅವಳು. ವಿಷಯ ಇಷ್ಟೇ. ಮನೆಯಲ್ಲೊಂದು ಭಾಷೆ, ಬೀದಿಯಲ್ಲೊಂದು, ಶಾಲೆಯಲ್ಲಿ ಮೂರು, ಹೀಗೆ ಬೆಳೆಯುವ ಮಗು ಓದಲು ತಡವರಿಸಿದರೆ ಕಾರಣವೇನು? ಭಾಷೆ ಹೊಸತೆಂದೋ, ಇಲ್ಲಾ ಅಕ್ಷರವನ್ನು ಹಿಡಿಯುವುದರಲ್ಲೇ ನಿಜವಾದ ತೊಂದರೆ ಇದೆಯೋ? ಮೂರು ವರ್ಷದಿಂದ ನಿಕಿತಾಳ ಪಿಎಚ್‌ಡಿ ಇದೇ ಪ್ರಶ್ನೆಯ ಸುತ್ತ ತಿರುಗುತ್ತಿತ್ತು. ‘ಕುದುರೆ’ ಎಂದು ಮಗು ಓದಿದರೆ ನಿಜಕ್ಕೂ ಓದಿತೋ, ‘ಕು’ ನೋಡಿ ಊಹಿಸಿತೋ ಹೇಳಲಾಗದು. ಆದರೆ ಯಾರೂ ಕೇಳಿರದ ಪದವನ್ನು ಊಹಿಸಲಾಗದು. ಅಕ್ಷರ ಅಕ್ಷರ ಕೂಡಿಸಿಯೇ ಓದಬೇಕು. ಅದಕ್ಕೇ ಈ ಹುಸಿಪದಗಳು.

“ಹಾಗಾದರೆ ಸರಿ,” ಎಂದ ಅಪ್ಪ ಮಂಡಳಿಯತ್ತ ತಿರುಗಿ, “ಯಾರೂ ನಗಬಾರದು. ಇದು ಮಕ್ಕಳ ವಿಷಯ” ಎಂದು ಗದರಿದರು. ಗದರಿದ ಮೇಲೆ ಎಲ್ಲರಿಗೂ ಇನ್ನಷ್ಟು ನಗು ಬಂತು.

ಅಂತೂ ಹದಿನಾರು ಪದಗಳು ಯಾರೂ ನಗದೆ, ಯಾರೂ ಓಡದೆ ಪಾಸಾದವು. ಟಿಮುಗೆ, ಗೊಲ್ಪಿಕೆ, ಚುರುಂಬಟೆ, ಬಿಳ್ತೋಪು, ನಪ್ಪಳಿಕೆ, ಹೀಗೆ. ನಿಕಿತಾ ಅವನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ, ಪ್ಲಾಸ್ಟಿಕ್ ಹಾಳೆಯೊಳಗೆ ಸೇರಿಸಿ, ಹೊಸ ಸೀರೆ ಒಯ್ಯುವವಳಂತೆ ಎದೆಗವಚಿಕೊಂಡು ತುರ್ಭೆಗೆ ಹೊರಟಳು.

ತುರ್ಭೆಯ ಆ ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ, ಎಂದರೆ ಏಳನೇ ತರಗತಿಯವರೆಗೆ, ನೂರಮೂವತ್ತು ಮಕ್ಕಳಿದ್ದರು. ಕಲಬುರಗಿ, ವಿಜಯಪುರ, ರಾಯಚೂರಿನಿಂದ ಬಂದು ಮಾರುಕಟ್ಟೆಯಲ್ಲಿ ಮೂಟೆ ಹೊರುವವರ, ಕಟ್ಟಡ ಕಟ್ಟುವವರ, ಕಾರ್ಖಾನೆಯಲ್ಲಿ ದುಡಿಯುವವರ ಮಕ್ಕಳು. ಶಾಲೆಯ ಉಸ್ತುವಾರಿ ಲೋಲಾಕ್ಷಿ ಟೀಚರದು. ಮೂವತ್ತೊಂದು ವರ್ಷ ಅದೇ ಶಾಲೆಯಲ್ಲಿ ಕಲಿಸಿದ, ಇನ್ನೆರಡು ವರ್ಷಕ್ಕೆ ನಿವೃತ್ತಿಯಾಗಲಿದ್ದ ಪುತ್ತೂರಿನ ಹೆಂಗಸು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನಿಕಿತಾ ಕನ್ನಡ ಬರೆಯಲು ಕಲಿತದ್ದು ಇಪ್ಪತ್ತೈದು ದಾಟಿದ ಮೇಲೆ. ಅವಳ ಕಾಗುಣಿತದ ತಪ್ಪುಗಳನ್ನು ಇಂದಿಗೂ ಕೆಂಪು ಪೆನ್ನಿನಲ್ಲಿ ತಿದ್ದುವವರು ಈ ಟೀಚರೇ.

“ನಿನಗೆ ಪರೀಕ್ಷೆಯೇ ಬೇಡ, ನಾನೇ ಹೇಳುತ್ತೇನೆ,” ಎಂದರು ಲೋಲಾಕ್ಷಿ ಟೀಚರ್. “ಆ ಸುನಿಲ ಉಂಟಲ್ಲ, ಎಂಟು ತಿಂಗಳಾಯಿತು ರಾಯಚೂರು ಕಡೆಯಿಂದ ಬಂದು. ಬಾಯಿಯೇ ಬಿಡುವುದಿಲ್ಲ. ಮರಾಠಿ ಕಲಿಸುವವರು ಅವನನ್ನು ಮಂದ ಅಂತ ಬರೆದುಕೊಟ್ಟಿದ್ದಾರೆ. ನಿನ್ನ ಕೇಸು ಅವನೇ. ದಾನೇಶ್ವರಿಯನ್ನು ಮಾತ್ರ ಸುಮ್ಮನೆ ಕೂರಿಸಿಕೊಂಡು ಸಮಯ ಹಾಳು ಮಾಡಬೇಡ. ಅವಳು ನಮ್ಮ ಶಾಲೆಯ ಬಂಗಾರ.”

ಐದನೇ ಇಯತ್ತೆಯ ದಾನೇಶ್ವರಿ ನಿಜಕ್ಕೂ ಬಂಗಾರವೇ. ಪ್ರಾರ್ಥನೆ ಹೇಳಿಸುವವಳು ಅವಳು, ತಪಾಸಣೆಗೆ ಸಾಹೇಬರು ಬಂದರೆ ಎದ್ದು ನಿಲ್ಲುವವಳು ಅವಳು. ಯಾವ ಪಾಠದ ಹೆಸರು ಹೇಳಿದರೂ ಪುಸ್ತಕ ತೆರೆದು, ಎಣ್ಣೆ ಸುರಿದಂತೆ ಓದಿಬಿಡುತ್ತಿದ್ದಳು. ಅಪ್ಪ ಮಾಪಣ್ಣ ಮಾರುಕಟ್ಟೆಯಲ್ಲಿ ಈರುಳ್ಳಿ ಮೂಟೆ ಹೊರುವವನು. ಮಗಳ ಓದು ಕೇಳಲೆಂದೇ ಅವನ ಗೆಳೆಯರು ಭಾನುವಾರ ಮನೆಗೆ ಬರುತ್ತಿದ್ದರಂತೆ.

ಪರೀಕ್ಷೆ ನಡೆದದ್ದು ಸಾಮಾನಿನ ಕೋಣೆಯಲ್ಲಿ, ಕೆಟ್ಟ ಹಾರ್ಮೋನಿಯಂ ಮತ್ತು ಕಬಡ್ಡಿ ಚಾಪೆಗಳ ನಡುವೆ. ಮೊದಲ ದಿನ ನಿಕಿತಾ ಒಂದೊಂದೇ ಪದ ಹೇಳುವುದು, ಮಗು ಮೂರು ಸಲ ಮರಳಿ ಹೇಳುವುದು. ಎರಡನೇ ದಿನ ಅದೇ ಪದಗಳನ್ನು ಹಾಳೆ ನೋಡಿ ಮಗುವೇ ಓದುವುದು.

ಸುನಿಲ ಶಿಕ್ಷೆಗೆ ಬಂದವನಂತೆ ಬಂದು ಕೂತ. ಪದದ ಕೆಳಗೆ ಬೆರಳಿಟ್ಟು, ನಿಧಾನಕ್ಕೆ, ಒಂದೂ ತಪ್ಪದೆ ಹದಿನಾರನ್ನೂ ಓದಿದ. ಓದಿ ಮುಗಿಸಿ ಮೊದಲ ಬಾರಿಗೆ ತಲೆಯೆತ್ತಿದ.

“ಇವು ಯಾ ಊರ ಮಾತ್ರಿ ಮೇಡಂ?”

“ಯಾವ ಊರಿನದ್ದೂ ಅಲ್ಲ.”

“ಮತ್ತ ಯಾಕ ಬರದೀರಿ?”

ಹೋದ ವರ್ಷ ವಿಶ್ವವಿದ್ಯಾಲಯದ ಸಮಿತಿಯೂ ಹೆಚ್ಚುಕಡಿಮೆ ಇದನ್ನೇ ಕೇಳಿತ್ತು.

ದಾನೇಶ್ವರಿ ಮೊದಲ ದಿನ ಹದಿನಾರಕ್ಕೆ ಹದಿನಾರು ಹೇಳಿದಳು. ಎರಡನೇ ದಿನವೂ ಹಾಳೆ ಹಿಡಿದು ಮೇಲಿನಿಂದ ಕೆಳಗೆ ಗಡಗಡನೆ ಒಪ್ಪಿಸಿದಳು. ಆ ಸರಾಗಕ್ಕೆ ಸೋತ ನಿಕಿತಾ ಹಾಳೆಯ ಮೂಲೆಯಲ್ಲಿ ಒಂದು ನಕ್ಷತ್ರವನ್ನೇ ಬರೆದಳು, ಸಂಶೋಧನೆಯಲ್ಲಿ ಹಾಗೆಲ್ಲ ಬರೆಯಬಾರದು ಎಂದು ಗೊತ್ತಿದ್ದರೂ.

ಹೀಗೆ ಹದಿನೆಂಟು ಮಕ್ಕಳ ಕೆಲಸ ಮುಗಿಸಿ, ಇನ್ನು ನಲವತ್ತು ಮಕ್ಕಳು ಬಾಕಿ ಎಂದು ಲೆಕ್ಕ ಹಾಕಿಕೊಂಡು, ನಡುವೆ ಎರಡು ವಾರ ಕಲ್ಯಾಣದ ಮರಾಠಿ ಶಾಲೆಯೊಂದಕ್ಕೆ ಹೋಗಿಬಂದಳು. ಮರಳಿ ತುರ್ಭೆಯ ಶಾಲೆಯ ಗೇಟಿನೊಳಗೆ ಕಾಲಿಟ್ಟಾಗ ಎದುರಿಗೆ ಮೂರನೇ ಇಯತ್ತೆಯ ಹುಡುಗಿಯೊಬ್ಬಳು ಬಿಕ್ಕಿ ಬಿಕ್ಕಿ ಅಳುತ್ತ ನಿಂತಿದ್ದಳು.

“ಯಾಕಮ್ಮಾ, ಏನಾಯಿತು?”

“ಅಕೀ ನನಗ ಬಿಳ್ತೋಪು ಅಂದಾಳ್ರೀ!”

ನಿಕಿತಾಳ ಕೈಯಲ್ಲಿದ್ದ ಚೀಲ ಜಾರಿತು. ಅಷ್ಟರಲ್ಲಿ ಅಂಗಳದ ಆಚೆಯಿಂದ ಕಬಡ್ಡಿ ಆಡುತ್ತಿದ್ದವರ ಕೂಗು ಕೇಳಿಸಿತು. ಎದುರಾಳಿಯ ಕಾಲು ಹಿಡಿದೆಳೆದವನು “ಗೊಲ್ಪಿಕೆ!” ಎಂದ, ಅವನ ತಂಡವೆಲ್ಲ “ಗೊಲ್ಪಿಕೆ, ಗೊಲ್ಪಿಕೆ!” ಎಂದಿತು. ಸಿಕ್ಕಿಬಿದ್ದವನು ಎದ್ದು ಮೈ ಕೊಡವಿ, “ಚಲ್ ಬೇ ಟಿಮುಗೆ” ಎಂದು ಹಿಂದಿಯಲ್ಲಿ ಬೈದ. ಲೋಲಾಕ್ಷಿ ಟೀಚರ್ ಕೋಲು ಹಿಡಿದು ಹೊರಬಂದು, “ಎಂತದಿದು? ಸಾಕು ನಿಮ್ಮ ಚುರುಂಬಟೆ, ಒಳಗೆ ನಡೆಯಿರಿ ಎಲ್ಲ!” ಎಂದು ಅಬ್ಬರಿಸಿದರು. ಅಬ್ಬರಿಸಿದ ಮೇಲೆ ತಮ್ಮ ಬಾಯಿಂದ ಏನು ಬಂತೆಂದು ತಿಳಿದು, ನಿಕಿತಾಳನ್ನು ನೋಡಿ, ಕೋಲನ್ನು ಸೀರೆಯ ಹಿಂದೆ ಅಡಗಿಸಿದರು.

“ಟೀಚರ್, ನೀವೂ!”

“ನಾನೇನು ಮಾಡಲಿ ಮಾರಾಯ್ತಿ? ಗಲಾಟೆ ಅಂದರೆ ಇವು ಕೇಳುವುದಿಲ್ಲ. ಚುರುಂಬಟೆ ಅಂದರೆ ಕೇಳುತ್ತವೆ.”

ವಿಚಾರಿಸಿದಾಗ ಎಲ್ಲವೂ ದಾನೇಶ್ವರಿಯ ಬಳಿಗೆ ಹೋಗಿ ನಿಂತಿತು. ಮೇಡಂ ಹೇಳಿಕೊಟ್ಟದ್ದು ದೊಡ್ಡ ಕಾಲೇಜಿನ ಕನ್ನಡವೆಂದು ನಂಬಿದ ಅವಳು, ಮೊದಲ ದಿನವೇ ಮನೆಗೆ ಹೋಗಿ ಹದಿನಾರೂ ಪದಗಳನ್ನು ಬಾಯಿಪಾಠ ಮಾಡಿದ್ದಳು. ಪಾಠದ ಕೊನೆಗೆ ಪದಗಳ ಅರ್ಥ ಇರಲೇಬೇಕಲ್ಲ? ಅದನ್ನು ಮೇಡಂ ಮರೆತಿದ್ದರು. ಆದ್ದರಿಂದ ಅರ್ಥಗಳನ್ನು ದಾನೇಶ್ವರಿಯೇ ಕೊಟ್ಟಳು. ಟಿಮುಗೆ ಎಂದರೆ ಬಲ್ಲವನಂತೆ ಮೆರೆಯುವವನು. ಬಿಳ್ತೋಪು ಎಂದರೆ ಊದಿಸಿಕೊಂಡ ಮೋರೆ. ಚುರುಂಬಟೆ ಗದ್ದಲ. ನಪ್ಪಳಿಕೆ ಎಂದರೆ ಊಟದ ಮೇಲೆ ಬರುವ ಸುಖವಾದ ತೂಕಡಿಕೆ. ಗೊಲ್ಪಿಕೆ ಎಂದರೆ ಭಲೇ, ಎತ್ತು, ಆಯಿತು, ಎಲ್ಲ ಒಟ್ಟಿಗೆ.

ಎಂಥ ಚೆಂದದ ಅರ್ಥಗಳು! ನಿಕಿತಾ ತಲೆ ಹಿಡಿದುಕೊಂಡು ಸಾಮಾನಿನ ಕೋಣೆಯ ಚಾಪೆಯ ಮೇಲೆ ಕುಸಿದಳು. ಯಾರೂ ಕೇಳಿರದ ಪದಗಳು ಎಂಬುದೇ ಪರೀಕ್ಷೆಯ ಜೀವವಾಗಿತ್ತು. ಈಗ ಅವನ್ನು ಕೇಳಿರದ ಮಗುವೇ ಶಾಲೆಯಲ್ಲಿ ಉಳಿದಿರಲಿಲ್ಲ.

ಶಾಲೆಯಲ್ಲಿ ಮಾತ್ರವೇ? ಅಂದು ಸ್ಟೇಷನ್ನಿಗೆ ನಡೆದು ಹೋಗುವಾಗ ನಲ್ಲಿಯ ಸಾಲಿನಲ್ಲಿ ಹೆಂಗಸರು ಒಬ್ಬರನ್ನೊಬ್ಬರು ಬಿಳ್ತೋಪು ಎಂದು ಛೇಡಿಸುತ್ತಿದ್ದರು. ಮಾರುಕಟ್ಟೆಯ ಬಾಗಿಲಲ್ಲಿ ಮಾಪಣ್ಣ ಮತ್ತವನ ಜೊತೆಯವರು ಟೆಂಪೋಗೆ ಮೂಟೆ ಏರಿಸುತ್ತಿದ್ದರು. ಒಬ್ಬ “ಗೊಲ್ಪಿಕೇ…” ಎಂದು ಎಳೆಯುತ್ತಿದ್ದ, ಉಳಿದವರು “ಹೋಯ್!” ಎನ್ನುತ್ತಿದ್ದರು, ಮೂಟೆ ಹೂವಿನಂತೆ ಮೇಲೇಳುತ್ತಿತ್ತು. ಮೂರನೇ ದಿನ ಡೊಂಬಿವಲಿಯ ಹೋಟೆಲಿಗೆ ಈರುಳ್ಳಿ ಇಳಿಸಲು ಬಂದ ಟೆಂಪೋದ ಮರಾಠಿ ಡ್ರೈವರ್ ಮೂಟೆಗೆ ಕೈ ಹಾಕಿ ಅದನ್ನೇ ಕೂಗಿದ. ಅಡುಗೆಮನೆಯ ಬಾಗಿಲಿಗೆ ಬಂದ ಮುಂಡಪ್ಪ, “ಅಕ್ಕಾ, ಇದು ನಮ್ಮದೇ ಪದ ಅಲ್ಲವಾ?” ಎಂದು ಎದೆಯುಬ್ಬಿಸಿ ಕೇಳಿದ.

ಅಮ್ಮ ರತ್ನಾವತಿ ಮಗಳ ಮುಖ ನೋಡಿ, “ದಾದ ಆಂಡ್ ಮಗಾ?” ಎಂದು ಗಾಬರಿಯಾದರು. ಏನಾಯಿತೆಂದು ಹೇಳುವುದು ಹೇಗೆ? ಆರು ತಿಂಗಳ ಕೆಲಸ ಒಂದು ಹತ್ತು ವರ್ಷದ ಹುಡುಗಿಯ ಬಾಯಿಗೆ ಬಿದ್ದು ಊರಿನ ಆಸ್ತಿಯಾಗಿತ್ತು.

ಮರುದಿನ ಅವಳು ಮಾಜಿವಾಡಾದಲ್ಲಿದ್ದ ತನ್ನ ಗೈಡ್ ಮಾನಸಿ ಮೇಡಂ ಮನೆಗೆ ಹೋದಳು. ಪ್ರಬಂಧ ಬಿಟ್ಟುಬಿಡುತ್ತೇನೆ, ಅಪ್ಪನ ಕೌಂಟರಿನಲ್ಲಿ ಕೂರುತ್ತೇನೆ ಎಂದು ರಿಕ್ಷಾದಲ್ಲೇ ಮರಾಠಿಯಲ್ಲಿ ವಾಕ್ಯ ಜೋಡಿಸಿಕೊಂಡಿದ್ದಳು. ಆದರೆ ಕಬಡ್ಡಿಯ ಭಾಗಕ್ಕೆ ಬರುವಷ್ಟರಲ್ಲಿ ಮಾನಸಿ ಮೇಡಂ ನಗಲು ಶುರುಮಾಡಿದರು. ಲೋಲಾಕ್ಷಿ ಟೀಚರ ಕೋಲಿನ ವಿಷಯಕ್ಕೆ ಕನ್ನಡಕ ತೆಗೆದರು. ಟೆಂಪೋ ಡ್ರೈವರಿನ ಕತೆಗೆ ಸೋಫಾದ ಮೇಲೆ ಪಕ್ಕಕ್ಕೆ ವಾಲಿದರು.

“ನಗಬೇಡಿ ಮೇಡಂ,” ನಿಕಿತಾ ಅಳುಮೋರೆಯಲ್ಲಿ ಹೇಳಿದಳು. “ನೂರಮೂವತ್ತು ಮಕ್ಕಳಿಗೂ ಗೊತ್ತು. ಕಲಬುರಗಿಯವರಿಗೂ ಗೊತ್ತು, ರಾಯಚೂರಿನವರಿಗೂ ಗೊತ್ತು, ಮನೆಯಲ್ಲಿ ಲಂಬಾಣಿ ಆಡುವವರಿಗೂ ಗೊತ್ತು. ಎಲ್ಲರಿಗೂ ಒಂದೇ ತಿಂಗಳಲ್ಲಿ, ಒಂದೇ ಸಮನಾಗಿ…”

ಅಲ್ಲಿಗೆ ಮಾತು ನಿಂತಿತು. ಬಾಯಿ ಮಾತ್ರ ತೆರೆದೇ ಇತ್ತು.

“ಹೇಳು,” ಎಂದರು ಮಾನಸಿ ಮೇಡಂ. ಅವರ ನಗು ನಿಂತಿತ್ತು.

“ಒಂದೇ ಸಮನಾಗಿ ಗೊತ್ತು,” ನಿಕಿತಾ ನಿಧಾನವಾಗಿ ಹೇಳಿದಳು. “ಮೇಡಂ, ಯಾವ ಮಗುವಿನ ಮನೆಮಾತೂ ಅಲ್ಲದ ಪದಗಳಿವು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ದಿನಕ್ಕೆ ಇಪ್ಪತ್ತು ಸಲ ಬಾಯಲ್ಲಿ ಆಡುವ ಪದವನ್ನೇ ಹಾಳೆಯ ಮೇಲೆ ಹಿಡಿಯಲಾಗದ ಮಗು ಇದ್ದರೆ, ಅದಕ್ಕೆ ಭಾಷೆ ಬರುವುದಿಲ್ಲ ಅಂತ ನಾವು ಹೇಳುವ ಹಾಗೇ ಇಲ್ಲ!”

“ಆದರೆ ಊಹಿಸಿ ಹೇಳಿದರೆ?”

“ಒಂದೆರಡು ಅಕ್ಷರ ಬದಲಿಸುತ್ತೇನೆ. ಕೆಲವು ಕಾರ್ಡಿನಲ್ಲಿ ಟಿಮುಗೆ, ಕೆಲವದರಲ್ಲಿ ಟುಮಿಗೆ. ಓದುವವರು ತಡೆದು ನಿಲ್ಲುತ್ತಾರೆ. ಊಹಿಸುವವರು ಟಿಮುಗೆ ಅಂದೇಬಿಡುತ್ತಾರೆ. ಕಾರ್ಡುಗಳನ್ನೂ ಕಲಸಿ ಕೊಡುತ್ತೇನೆ. ಮರಾಠಿ ಲಿಪಿಯಲ್ಲೂ ಬರೆಯುತ್ತೇನೆ. ನಿಜವಾದ ತೊಂದರೆ ಇದ್ದರೆ ಅದು ಎರಡೂ ಲಿಪಿಯಲ್ಲಿ ಕಾಣಬೇಕು!”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಅರವತ್ತು ವರ್ಷದ ಮಾನಸಿ ಮೇಡಂ ಎದ್ದು ನಿಂತು, ಮಾಜಿವಾಡಾದ ಆ ಒಂಬತ್ತನೇ ಮಹಡಿಯಲ್ಲಿ ಎರಡೂ ಕೈ ಮೇಲೆತ್ತಿ, “ಗೊಲ್ಪಿಕೆ!” ಎಂದು ಕೂಗಿದರು.

ಇಡೀ ಶಾಲೆಯನ್ನೇ ಪರೀಕ್ಷಿಸಲು ಸಮಿತಿಯ ಅನುಮತಿ, ಪಾಲಕರ ಹೊಸ ಒಪ್ಪಿಗೆ ಎಲ್ಲ ಮುಗಿದು ಎರಡನೇ ಪರೀಕ್ಷೆ ಶುರುವಾಗಲು ತಿಂಗಳು ಹಿಡಿಯಿತು. ಈ ಸಲ ಸಾಮಾನಿನ ಕೋಣೆಯ ಹೊರಗೆ ಮಕ್ಕಳು ಸಾಲುಗಟ್ಟಿ ನಿಂತು, ತಮ್ಮ ಸರದಿ ಯಾವಾಗ ಎಂದು ಕಿತ್ತಾಡಿದರು. ತಮ್ಮದೇ ಮಾತು ಅಚ್ಚಾಗಿ ಬಂದಿದೆ ಎಂಬ ಸುದ್ದಿ ಹಬ್ಬಿತ್ತು. ಒಂದನೇ ಇಯತ್ತೆಯ ಚಿಕ್ಕವೂ ಬಂದು ಸಾಲಿನಲ್ಲಿ ನುಸುಳಿದವು.

ಸುನಿಲ ‘ಟುಮಿಗೆ’ ಕಾರ್ಡು ಕಂಡದ್ದೇ ತಡ, ಹುಬ್ಬು ಗಂಟಿಕ್ಕಿದ. “ಇದು ತಪ್ಪೈತ್ರಿ ಮೇಡಂ. ಟಿಮುಗೆ ಆಗಬೇಕಿತ್ತು. ನಿಮಗ ಬರಿಯಾಕ ಬರಂಗಿಲ್ಲೇನ್ರಿ?” ಎಂದ. ಕಿಟಕಿಯಲ್ಲಿ ಇಣುಕುತ್ತಿದ್ದ ಲೋಲಾಕ್ಷಿ ಟೀಚರ್, “ನಾನೂ ಇದನ್ನೇ ಹೇಳುತ್ತಾ ಬಂದಿದ್ದೇನೆ” ಎಂದುಬಿಟ್ಟರು. ಸುನಿಲ ಟೀಚರ ಮುಖ ನೋಡಿ ನಕ್ಕ. ಹತ್ತು ತಿಂಗಳಲ್ಲಿ ಅವನು ನಕ್ಕದ್ದನ್ನು ಅವರು ನೋಡಿದ್ದು ಅದೇ ಮೊದಲು. ಬದಲಾದ ಒಂದು ಅಕ್ಷರವೂ ಅವನ ಕಣ್ಣು ತಪ್ಪಿಸಿಕೊಳ್ಳಲಿಲ್ಲ. ಮರಾಠಿ ಲಿಪಿಯಲ್ಲಿ ನಿಧಾನವಾಯಿತು, ಅಷ್ಟೇ. ಕಲಿತೇ ಹತ್ತು ತಿಂಗಳಾದ ಲಿಪಿ. ಅವನಿಗೆ ಯಾವ ತೊಂದರೆಯೂ ಇರಲಿಲ್ಲ. ಹೊಸ ಊರು ಇತ್ತು, ಹೊಸ ಭಾಷೆ ಇತ್ತು, ಮಾತಾಡಿಸುವವರು ಇರಲಿಲ್ಲ.

ಆಮೇಲೆ ದಾನೇಶ್ವರಿ ಬಂದಳು. ಎರಡು ಜಡೆಗೂ ಹೊಸ ರಿಬ್ಬನ್ ಕಟ್ಟಿದ್ದಳು. ನಿಕಿತಾ ಕಲಸಿದ ಕಾರ್ಡುಗಳ ಕಟ್ಟನ್ನು ಅವಳ ಕೈಗಿತ್ತಳು.

ಮೇಲಿದ್ದ ಕಾರ್ಡು ‘ನಪ್ಪಳಿಕೆ’. ದಾನೇಶ್ವರಿ ಅದನ್ನು ಗಂಭೀರವಾಗಿ ನೋಡಿ, “ಟಿಮುಗೆ” ಎಂದಳು. ಎರಡನೆಯದನ್ನು ನೋಡಿ, “ಗೊಲ್ಪಿಕೆ”. ಮೂರನೆಯದಕ್ಕೆ, “ಚುರುಂಬಟೆ”. ಅಚ್ಚಾದ ಹಳೆಯ ಹಾಳೆಯ ಕ್ರಮದಲ್ಲೇ, ಸ್ಪಷ್ಟವಾಗಿ, ಸುಂದರವಾಗಿ, ಹದಿನಾರನ್ನೂ ಹೇಳುತ್ತ ಹೋದಳು. ನಿಕಿತಾಳಿಗೆ ಮೊದಲು ಇದು ತಮಾಷೆಯೆನಿಸಿತು. ಕೈ ಚಾಚಿ ಒಂದು ಕಾರ್ಡನ್ನು ತಲೆಕೆಳಗಾಗಿ ತಿರುಗಿಸಿ ಕೊಟ್ಟಳು. ಹುಡುಗಿ ಕಣ್ಣು ಮಿಟುಕಿಸದೆ ಮುಂದಿನ ಪದ ಹೇಳಿದಳು.

ನಿಕಿತಾ ಕಾರ್ಡನ್ನು ಮತ್ತೆ ನೇರ ಮಾಡಿಟ್ಟಳು. ತಾನು ಬರೆದ ನಕ್ಷತ್ರ ನೆನಪಾಗಿ ಕಿವಿ ಬಿಸಿಯಾಯಿತು. ಹೇಳಿಕೊಟ್ಟ ಪದಗಳನ್ನೇ ಮರುದಿನ ಅದೇ ಸಾಲಿನಲ್ಲಿ ಓದಲು ಕೊಟ್ಟ ಪೆದ್ದಿ ತಾನೇ.

“ದಾನೇಶ್ವರಿ,” ಮೆಲ್ಲಗೆ ಕೇಳಿದಳು, “ಈ ಕಾರ್ಡಿನ ಮೊದಲನೇ ಅಕ್ಷರ ಯಾವುದು?”

ಹುಡುಗಿ ಕಾರ್ಡು ನೋಡಿದಳು, ನಿಕಿತಾಳನ್ನು ನೋಡಿದಳು, ಬಾಗಿಲ ಕಡೆ ನೋಡಿದಳು. ರಿಬ್ಬನ್ನಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು.

“ಟೀಚರಿಗಿ ಗೊತ್ತಾಗಬಾರದ್ರಿ ಮೇಡಂ.”

“ಬೈಯುವುದಿಲ್ಲ ನಾನು. ಅಕ್ಷರ ಹೇಗೆ ಕಾಣುತ್ತವೆ ಹೇಳು.”

“ಎಲ್ಲಾ ಒಂದ ಮನೀ ಮಕ್ಕಳು ಇದ್ದಂಗ ಅವರಿ,” ಎಂದಳು ದಾನೇಶ್ವರಿ. ಒಮ್ಮೆ ಶುರುವಾದ ಮೇಲೆ ಮಾತು ನಿಲ್ಲಲಿಲ್ಲ. “ಪ ಅಂತ ನೋಡ್ತೀನಿ, ಅಷ್ಟರಾಗ ವ ಆಗ್ತದ. ವ ಅನ್ನಬೇಕಂದ್ರ ಮ ಆಗಿ ಕುಂತಿರ್ತದ. ಮರಾಠಿದಾಗ ಭೀ ಹಂಗೇ. ಅದಕ್ಕ ದಿನಾ ಸಂಜೀಕ ಬಾಜೂ ಮನೀ ಅಕ್ಕಂಗ ಪಾಠ ಓದು ಅಂತೀನ್ರಿ. ಎರಡ ಸಲ ಕೇಳಿದ್ರ ನನಗ ಬಂದುಬಿಡ್ತದ. ಪರೀಕ್ಷಾದಾಗ ಬರಿಯೋದು ಹೆಂಗಂದ್ರ, ಚಿತ್ರ ತೆಗದಂಗ ತೆಗೀತೀನಿ. ಒಂದೊಂದು ಪಾಠದ ಚಿತ್ರ ಒಂದೊಂದು ನಮೂನಿ ಇರ್ತದ.”

ಐದು ವರ್ಷ! ಓದಲು ಬಾರದ ಈ ಹುಡುಗಿ ಐದು ವರ್ಷದ ಪುಸ್ತಕಗಳನ್ನು ತಲೆಯಲ್ಲಿ ಹೊತ್ತುಕೊಂಡು, ಪುಟ ತಿರುಗಿಸಬೇಕಾದಲ್ಲಿ ಸರಿಯಾಗಿ ತಿರುಗಿಸಿ, ಸಾಹೇಬರಿಂದ ಶಹಬ್ಬಾಸ್ ಪಡೆದಿದ್ದಳು. ಅವಳನ್ನು ಬೈಯುವುದಿರಲಿ, ಅವಳ ಮುಂದೆ ಎದ್ದು ನಿಲ್ಲಬೇಕು ಅನಿಸಿತು. ನಿಕಿತಾ ನಿಜಕ್ಕೂ ಎದ್ದು ನಿಂತಳು. ಯಾಕೆ ನಿಂತೆನೆಂದು ಗೊತ್ತಾಗದೆ, ಹಾರ್ಮೋನಿಯಮ್ಮಿನ ಧೂಳು ಒರೆಸಿ ಮತ್ತೆ ಕೂತಳು.

“ನಿನಗೆ ಗೊತ್ತಾ, ನೀನು ಮಾಡಿದ್ದು ಓದುವುದಕ್ಕಿಂತ ಹತ್ತು ಪಟ್ಟು ಕಷ್ಟದ ಕೆಲಸ?”

“ಖರೇನ್ರಿ?” ದಾನೇಶ್ವರಿ ಅನುಮಾನದಿಂದ ನೋಡಿದಳು. “ಮತ್ತ ಓದೋದು ಹಗುರಾ ಇರ್ತದೇನ್ರಿ?”

“ಅದಕ್ಕೆ ಬೇರೆ ದಾರಿ ಉಂಟು. ನಾನು ಹೇಳಿಕೊಡುತ್ತೇನೆ. ಆದರೆ ನಿನ್ನ ಟೀಚರಿಗೆ, ಅಪ್ಪ-ಅಮ್ಮನಿಗೆ ಹೇಳಬೇಕಾಗುತ್ತದೆ. ನೀನು ಹೂಂ ಅಂದರೆ ಮಾತ್ರ.”

ಹುಡುಗಿ ಬೆರಳಿಗೆ ಸುತ್ತಿದ್ದ ರಿಬ್ಬನ್ ಬಿಚ್ಚಿದಳು. ಕೊನೆಗೆ, “ಅವ್ವಗ ಮದಲ ಹೇಳ್ರಿ. ಆಕಿ ಜಲ್ದಿ ನಗ್ತಾಳ” ಎಂದಳು.

ಮರುದಿನ ಲೋಲಾಕ್ಷಿ ಟೀಚರ ಮೇಜಿನ ಎದುರು ಮಾಪಣ್ಣ, ಅವನ ಹೆಂಡತಿ ಮಾನಮ್ಮ ಬಂದು ಕೂತರು. ನಿಕಿತಾ ಎಲ್ಲವನ್ನೂ ಬಿಡಿಸಿ ಹೇಳಿದಳು. ಬುದ್ಧಿ ಚುರುಕಾಗಿಯೇ ಇದೆ, ಕಣ್ಣು ಕಿವಿ ಸರಿಯಾಗಿಯೇ ಇವೆ, ಅಕ್ಷರಕ್ಕೂ ಅದರ ಸದ್ದಿಗೂ ಗಂಟು ಬೀಳುವುದರಲ್ಲಿ ಮಾತ್ರ ತೊಡಕು. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಹೀಗಿರುತ್ತದೆ, ಯಾರ ತಪ್ಪೂ ಅಲ್ಲ.

“ರೋಗಾ ಏನ್ರಿ ಇದು?” ಮಾಪಣ್ಣ ಕೇಳಿದ. ನೂರು ಕಿಲೋ ಎತ್ತುವ ಅವನ ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು.

“ರೋಗ ಅಲ್ಲ ಅಣ್ಣ. ಅವಳಿಗೆ ಕಲಿಸುವ ರೀತಿ ಬೇರೆ ಬೇಕು, ಅಷ್ಟೇ. ಪರೀಕ್ಷೆಯಲ್ಲಿ ಹೆಚ್ಚು ಸಮಯ ಸಿಗುತ್ತದೆ. ಬಾಯಲ್ಲಿ ಉತ್ತರ ಹೇಳಲು ಬಿಡುತ್ತಾರೆ. ಅದಕ್ಕೆ ಬೇಕಾದ ಕಾಗದಪತ್ರ ಮಾಡಿಸೋಣ.”

ಲೋಲಾಕ್ಷಿ ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಂಡು, “ಐದು ವರ್ಷ ನಾನೇ ಇವಳಿಗೆ ಓದಿನಲ್ಲಿ ಮೊದಲ ಬಹುಮಾನ ಕೊಟ್ಟದ್ದು. ನಾನೆಂಥ ಟೀಚರ್!” ಎಂದರು.

ಮಾನಮ್ಮ ಮಾತ್ರ ಮಗಳನ್ನೇ ದಿಟ್ಟಿಸಿ ನೋಡುತ್ತಿದ್ದಳು. ಅವಳ ತುಟಿಯ ಅಂಚು ಅದುರಿತು. ಅಳುತ್ತಾಳೆಂದು ನಿಕಿತಾ ನೀರಿನ ಬಾಟಲಿಗೆ ಕೈ ಹಾಕಿದಳು. ಆದರೆ ಬಂದದ್ದು ನಗು, ತಡೆಯಲಾರದ ನಗು.

“ಯವ್ವಾ! ಓದಲಾರದೇ ಫಸ್ಟ್ ಬಂದಾಳಂದ್ರ, ಓದಾಕ ಬಂದ್ರ ಇಕೀನ ಹಿಡಿಯೋರು ಯಾರ್ರಿ?”

ಮಾಪಣ್ಣ ಹೆಂಡತಿಯನ್ನು ನೋಡಿದ. ಟೀಚರ್ ಮಾನಮ್ಮನನ್ನು ನೋಡಿದರು. ಅಳುತ್ತಲೇ ಅವರಿಗೂ ನಗು ಬಂತು. ದಾನೇಶ್ವರಿ ನಿಕಿತಾಳ ಕಡೆ ತಿರುಗಿ, ನಾ ಹೇಳಿದ್ದಿಲ್ಲೇನ್ರಿ ಎಂಬಂತೆ ಹುಬ್ಬು ಹಾರಿಸಿದಳು.

ಅಲ್ಲಿಂದ ಮುಂದೆ ಎಲ್ಲವೂ ಇಳಿಜಾರಿನಲ್ಲಿ ಬಿಟ್ಟ ಸೈಕಲ್ಲಿನಂತೆ ಓಡಿತು. ನೂರಮೂವತ್ತು ಮಕ್ಕಳಲ್ಲಿ ನಿಜವಾದ ತೊಂದರೆ ಇದ್ದವರು ಒಂಬತ್ತು ಮಂದಿ ಎಂದು ಕಂಡುಬಂತು. ಅವರಲ್ಲಿ ನಾಲ್ವರ ಹೆಸರು ಹಿಂದುಳಿದವರ ಯಾವ ಪಟ್ಟಿಯಲ್ಲೂ ಇರಲಿಲ್ಲ. ಮಂದ ಎಂದು ಬರೆದುಕೊಟ್ಟಿದ್ದ ಹನ್ನೆರಡು ಮಂದಿಯಲ್ಲಿ ಏಳು ಮಂದಿಗೆ ಬೇಕಾಗಿದ್ದದ್ದು ಸ್ವಲ್ಪ ಮರಾಠಿ, ಸ್ವಲ್ಪ ಸಮಯ ಮಾತ್ರ. ನಿಕಿತಾ ಇದನ್ನೆಲ್ಲ ವಿಶ್ವವಿದ್ಯಾಲಯದ ಸಮಿತಿಯ ಮುಂದೆ ಒಪ್ಪಿಸಿದಳು. ಹೊರಗಿನಿಂದ ಬಂದಿದ್ದ ತಜ್ಞರೊಬ್ಬರು ನಗುವನ್ನೇ ಕಾಣದ ಮುಖದವರು. “ನಿಮ್ಮ ಸಾಧನವೇ ಹೊರಗೆ ಸೋರಿಹೋಗಿತ್ತು. ಅದನ್ನು ಒಪ್ಪುತ್ತೀರಾ?” ಎಂದರು.

“ಒಪ್ಪುತ್ತೇನೆ ಸರ್. ಸೋರಿದ್ದು ನನ್ನ ತಪ್ಪಿನಿಂದ. ಅದನ್ನು ಮೂರನೇ ಅಧ್ಯಾಯದಲ್ಲಿ ಮೊದಲ ವಾಕ್ಯವಾಗಿಯೇ ಬರೆದಿದ್ದೇನೆ. ಸೋರಿದ್ದರಿಂದಲೇ ಇದು ಸಿಕ್ಕಿತು.”

ಅವರು ಪುಟ ತಿರುಗಿಸಿದರು. ಮತ್ತೆ ತಿರುಗಿಸಿದರು. “ಒಂದು ಸಂದೇಹ,” ಎಂದರು ಬಹಳ ಗಂಭೀರವಾಗಿ. “ಊಟ ಮುಗಿಸಿ ಬಂದು ಒಂದು ಗಂಟೆಯಾಯಿತು. ನನಗೀಗ ಬರುತ್ತಿರುವುದು ನಪ್ಪಳಿಕೆಯೋ, ಬೇರೆಯೋ?”

ಮಾನಸಿ ಮೇಡಂ ಕನ್ನಡಕ ತೆಗೆದರು. ಆಮೇಲೆ ಆ ಸಭೆಯಲ್ಲಿ ಯಾರೂ ಗಂಭೀರವಾಗಿ ಉಳಿಯಲಿಲ್ಲ. ಪ್ರಬಂಧ ಮುಂದಕ್ಕೆ ಹೋಯಿತು.

ವಾರಕ್ಕೆ ಮೂರು ದಿನ ಮಧ್ಯಾಹ್ನ ನಿಕಿತಾ ಮತ್ತು ದಾನೇಶ್ವರಿ ಸಾಮಾನಿನ ಕೋಣೆಯಲ್ಲಿ ಕೂರುತ್ತಿದ್ದರು. ಉಪ್ಪು ಹರವಿದ ತಟ್ಟೆಯಲ್ಲಿ ಬೆರಳಿನಿಂದ ಅಕ್ಷರ ತೀಡುವುದು, ತೀಡುತ್ತ ಅದರ ಸದ್ದು ಹೇಳುವುದು, ಒತ್ತಕ್ಷರಕ್ಕೆ ಚಪ್ಪಾಳೆ ಹೊಡೆಯುವುದು. ಹುಡುಗಿ ಸಿಟ್ಟಾದಳು, ಉಪ್ಪು ಚೆಲ್ಲಿದಳು, ಎರಡು ಸಲ ಓಡಿಹೋದಳು, ಎರಡು ಸಲವೂ ತಾನೇ ಬಂದಳು. ಲೋಲಾಕ್ಷಿ ಟೀಚರ್ ಹಿಂದೆ ಕೂತು ನೋಟ್ಸ್ ಬರೆದುಕೊಳ್ಳತೊಡಗಿದರು. ಉಳಿದ ಎಂಟು ಮಕ್ಕಳಿಗೆ ಕಲಿಸುವವರು ಯಾರು ಎಂದು ಕೇಳಿದರೆ, “ನಿವೃತ್ತಿಗೆ ಇನ್ನೂ ಎರಡು ವರ್ಷ ಉಂಟು, ಸುಮ್ಮನೆ ಎಂತ ಮಾಡುವುದು?” ಎಂದರು.

ನಾಲ್ಕನೇ ತಿಂಗಳು ನಿಕಿತಾ, ಆ ಹುಡುಗಿ ಎಂದೂ ಕಂಡಿರದ, ಯಾರೂ ಅವಳಿಗೆ ಓದಿ ಹೇಳಿರದ ಒಂದು ಚಿಕ್ಕ ಪುಸ್ತಕ ತಂದಳು. ಚಿತ್ರವನ್ನು ಕೈಯಿಂದ ಮುಚ್ಚಿ ಮೊದಲ ಸಾಲು ತೋರಿಸಿದಳು.

ದಾನೇಶ್ವರಿ ಬೆರಳಿಟ್ಟಳು. ತುಟಿ ಆಡಿತು, ನಿಂತಿತು. ಚಪ್ಪಾಳೆ ಹೊಡೆಯಲು ಕೈ ಎತ್ತಿ, ಇಳಿಸಿ, ಮತ್ತೆ ಬೆರಳಿಟ್ಟಳು. ಹಣೆಯ ಮೇಲೆ ಬೆವರು ಮೂಡಿತು. “ಕ… ಪ್ಪೆ. ಕಪ್ಪೆ. ಕೆ… ರೆ… ಗೆ. ಹಾ… ರಿ… ತು.” ಉಸಿರು ಬಿಟ್ಟು, ಎಲ್ಲವನ್ನೂ ಕೂಡಿಸಿ ಒಂದೇ ಏಟಿಗೆ ಹೇಳಿದಳು: “ಕಪ್ಪೆ ಕೆರೆಗೆ ಹಾರಿತು.”

ಹಿಂದಿನಿಂದ ಲೋಲಾಕ್ಷಿ ಟೀಚರ್ ಮೂಗು ಒರೆಸಿಕೊಂಡ ಸದ್ದು ಬಂತು.

ದಾನೇಶ್ವರಿ ಮುಖ ಎತ್ತಿದಳು. ಅದರಲ್ಲಿ ಸಂತೋಷಕ್ಕಿಂತ ಮಿಗಿಲಾಗಿ ದೊಡ್ಡದೊಂದು ತಕರಾರು ಇತ್ತು.

“ಬರೇ ಇಷ್ಟೇನ್ರಿ? ಕಪ್ಪಿ ಕೆರಿಗಿ ಹಾರದ ಮತ್ತೆಲ್ಲಿ ಹಾರ್ತದ್ರಿ ಮೇಡಂ? ಇದನ್ನ ಹೇಳಾಕ ಇಷ್ಟೆಲ್ಲ ಅಕ್ಷರ ಖರ್ಚ ಮಾಡ್ಯಾರಾ?”

ನಿಕಿತಾ ನಕ್ಕು ನಕ್ಕು ಚಾಪೆಯ ಮೇಲೆ ಬಿದ್ದಳು. ಟೀಚರ ಪೆನ್ನು ಉರುಳಿ ಹಾರ್ಮೋನಿಯಮ್ಮಿನ ಅಡಿಗೆ ಹೋಯಿತು. ನಗುತ್ತಲೇ ಎದ್ದು, ಮುಂದಿನ ಸಾಲಿನಲ್ಲಿ ಏನಾಗುತ್ತದೆಂದು ಹೇಳಲು ನಿಕಿತಾ ಬಾಯಿ ತೆರೆದಳು.

ದಾನೇಶ್ವರಿ ಎಡಗೈಯಿಂದ ಅವಳ ಬಾಯಿ ಮು‌ಚ್ಚಿದಳು. ಬಲಗೈಯ ಬೆರಳು ಎರಡನೇ ಸಾಲಿನ ಕೆಳಗೆ ಹೋಗಿ ಕೂತಾಗಿತ್ತು.

“ತಡೀರಿ,” ಎಂದಳು. “ನಾನೇ ನೋಡ್ತೀನಿ.”